ಕೋಳಿಹೇನಿನ ಕುಲಗೋತ್ರ



ಹೇಂಟೆಯು 21 ದಿವಸ ಕಾವು ಕುಳಿತು ಹೊರಡಿಸಿದ ಮರಿಗಳು ಕೆಲವೇ ದಿವಸಗಳಲ್ಲಿ ರೆಕ್ಕೆ ಇಳಿಬಿಟ್ಟು, ತಲೆ ಜೋತು, ಒಂದೊಂದಾಗಿ ಸಾಯುವುದನ್ನು ತಾವು ಕಂಡಿರಬಹುದು. ಮನೆಯವರು ದೃಷ್ಟಿ ತಾಕಿತೆನ್ನುವರು. ಅಂಥ ಮರಿಯ ನೆತ್ತಿಯ ತುಪ್ಪುಳನ್ನು ಬಿಡಿಸಿ ನೋಡಿದರೆ ಅನೇಕ ವೇಳೆ ಕಾಣುವುದು ಹೇನು. ಈಗತಾನೆ ತತ್ತಿಯೊಡೆದು ಬಂದ ಜೀವಕ್ಕೆ ಹೇನು ಎಲ್ಲಿಯದು? ತಾಯಿಯದು. ಇದನ್ನು ತಿಳಿಯಲು ಹೇನಿನ ಕುಲಗೋತ್ರವನ್ನು ಸ್ವಲ್ಪ ವಿಚಾರಿಸಬೇಕಾಗುವುದು.

ಹಳೆಯ ದಫ್ತರಗಳನ್ನು ಬಿಚ್ಚಿದಾಗ ಕಾಗದದ ಮೇಲೆ ಸರಕ್ಕನೆ ಓಡುವ ಬಿಳಿಚಿದ ಸಣ್ಣ ಹುಳು ಉಂಟಷ್ಟೆ. ಬೂಷ್ಟು ತಿಂದು ಬದುಕುವ ಆ ಪುಸ್ತಕಹೇನೇ ಪಕ್ಷಿಯ ಹೇನಿಗೆ ದಾಯಾದಿ. ಅಂಥ ಹುಳುಗಳು ಪೂರ್ವದಲ್ಲಿ ಗೂಡುಗಳನ್ನು ಸೇರಿ, ಉದುರಿದ ಗರಿಯನ್ನೂ ಚರ್ಮದ ಹೊಟ್ಟನ್ನೂ ತಿನ್ನುತ್ತ, ಕ್ರಮೇಣ ಮೈಗೇ ಹತ್ತಿದವೆಂದು ಶಾಸ್ತ್ರಜ್ಞರ ಊಹೆ. ರೆಕ್ಕೆಗಳು ಅಳಿದವು, ಮೈ ಚಪ್ಪಟೆಯಾಯಿತು. ಜರ್ಮನಿಯ ಎಕ್‌ಫೆಲ್ಡ್‌ನಲ್ಲಿ ದೊರೆತ, ಸುಮಾರು 4 ಕೋಟಿ 40 ಲಕ್ಷ ವರ್ಷಗಳ ಹೇನಿನ ಪಳೆಯುಳಿಕೆಯೊಂದರ ಹೊಟ್ಟೆಯಲ್ಲಿ ಗರಿಯ ಚೂರುಗಳು ಇನ್ನೂ ಉಳಿದಿವೆ!

1758ರಲ್ಲಿ ಲಿನ್ನೇಯಸ್ ಪಂಡಿತನು ಮನುಷ್ಯನ ಹೇನನ್ನೂ ಪಕ್ಷಿಯ ಹೇನನ್ನೂ ಒಂದೇ ಜಾತಿಯಲ್ಲಿ ಸೇರಿಸಿದ್ದನು. ತರುವಾಯದವರು ಕಚ್ಚುವವು, ಹೀರುವವು ಎಂದು ಬೇರ್ಪಡಿಸಿದರು. ಪಕ್ಷಿಗಳಲ್ಲಿರುವವೆಲ್ಲ ಕಚ್ಚುವವೇ. ಇವುಗಳಲ್ಲಿ ಎರಡು ಪಂಗಡ. ಮೊದಲನೆಯದರ ಮೀಸೆಗಳು ತಲೆಯ ಗಾಡಿಯಲ್ಲಿ ಅಡಗಿರುವವು. ಇವು ಚರ್ಮದ ಮೇಲೆ ಚುರುಕಾಗಿ ಓಡುವವು, ಕೆಲವು ರಕ್ತವನ್ನೂ ಕುಡಿಯುವವು. ಎರಡನೆಯದರ ಮೀಸೆಗಳು ಹೊರಗೆ ಕಾಣುವವು. ಇವು ಮಂದಗತಿಯವು, ಗರಿಯನ್ನು ಬಿಡಲೊಲ್ಲವು. ಊರಿನ ಓಣಿಗಳಂತೆ ಒಂದೇ ಕೋಳಿಯ ಮೈಯಲ್ಲಿ ಇವುಗಳ ವಸತಿ ಬೇರೆ ಬೇರೆ: ಗುದದ ಸುತ್ತ ಮೈಹೇನು, ರೆಕ್ಕೆಯಡಿಯಲ್ಲಿ ನೀಳವಾದ ಬೂದುಬಣ್ಣದ ಹೇನು, ತಲೆಯಲ್ಲಿ ತಲೆಹೇನು. ಮರಿಗೆ ಅತಿ ಘಾತುಕವಾದದ್ದು ಈ ಕಡೆಯದೇ.

ಹೇನು ಹಕ್ಕಿಯಿಂದ ಹಕ್ಕಿಗೆ ದಾಟುವುದು ಬಹುಮಟ್ಟಿಗೆ ಮೈ ಮೈ ತಾಕಿದಾಗ. ಆದಕಾರಣ ಒಂದೊಂದು ಪಕ್ಷಿಕುಲಕ್ಕೂ ಅದರದೇ ಹೇನುಗಳು ವಂಶಪಾರಂಪರ್ಯವಾಗಿ ಉಳಿದು ಬಂದಿವೆ. ಪಾರಿವಾಳದ ನೀಳಹೇನು ಕೋಳಿಯಲ್ಲಿ ನೆಲೆಸದು. ಅಪವಾದಗಳೂ ಉಂಟು: ಕೋಳಿಯ ಮೈಹೇನು ಮೂಲತಃ ಟರ್ಕಿಕೋಳಿಯದೆಂದು ಪಂಡಿತರ ಅಭಿಪ್ರಾಯ. ಆದುದರಿಂದ ಟರ್ಕಿಯನ್ನೂ ಗಿನಿಕೋಳಿಯನ್ನೂ ಊರಕೋಳಿಯೊಡನೆ ಒಂದೇ ಗೂಡಿನಲ್ಲಿ ಕೂಡಿಸಬಾರದು.

ಅನೇಕರು ಗೂಡಿಗೆ ಸುಣ್ಣ ಬಳಿದು ನಿಶ್ಚಿಂತರಾಗುವರು. ಹಗಲು ಬಿರುಕಿನಲ್ಲಿ ಅಡಗಿ ರಾತ್ರಿ ರಕ್ತ ಹೀರುವ ಕೆಂಪು ನುಸಿಗೆ ಅದು ಸರಿ, ಹೇನಿಗಲ್ಲ. ಹೇನು ಹುಟ್ಟುವುದೂ ಸಾಯುವುದೂ ಹಕ್ಕಿಯ ಮೈಮೇಲೆಯೇ. ಮೈಬಿಟ್ಟರೆ ಒಂದು ವಾರ ಬದುಕುವುದು ಕಷ್ಟ. ಆದಕಾರಣ ಮದ್ದು ಬೀಳಬೇಕಾದದ್ದು ಮೈಗೆ. ಹಿಂದೆ ಬಳಸುತ್ತಿದ್ದ ಸೋಡಿಯಂ ಫ್ಲೋರೈಡ್ ಪುಡಿಯು ಮನುಷ್ಯರಿಗೂ ವಿಷವಾದುದರಿಂದ ವರ್ಜ್ಯ. ಪಶುವೈದ್ಯರು ಸೂಚಿಸಿದ ಪುಡಿಯನ್ನೇ ತಲೆ, ರೆಕ್ಕೆಯಡಿ, ಗುದದ ಸುತ್ತ ಗರಿಯ ಬುಡಕ್ಕೆ ತಾಕುವಂತೆ ತಿಕ್ಕತಕ್ಕದ್ದು. ಸೀರಿಗೆ ಪುಡಿ ನಾಟದು. ಅದು ಒಡೆಯಲು ಸುಮಾರು 4ರಿಂದ 7 ದಿವಸ ಬೇಕಾದ್ದರಿಂದ 10 ದಿವಸದ ನಂತರ ಮತ್ತೊಮ್ಮೆ ತಿಕ್ಕಬೇಕು. ಈ ಎರಡನೆಯ ಸರದಿಯು ಹೇಂಟೆಯನ್ನು ಕಾವಿಗೆ ಕೂಡಿಸುವ ಮುಂಚೆಯೇ ಮುಗಿದಿರಬೇಕು. ಕಾವಿನ ಹೇಂಟೆಯು ಧೂಳುಸ್ನಾನಕ್ಕೆ ಏಳುವುದು ವಿರಳ. ಆ ಮೂರು ವಾರಗಳಲ್ಲಿ ಹೇನಿಗೆ ಒಂದು ತಲೆಮಾರು ಬೆಳೆಯಲು ಅವಕಾಶ ಸಿಕ್ಕುವುದು.

ಉಳಿದ ಕೋಳಿಗಳಿಗೆ ಅಂಗಳದ ಮೂಲೆಯಲ್ಲಿ, ಮಳೆ ಬೀಳದ ಕಡೆ, ಸಣ್ಣ ಮರಳೂ ಒಲೆಬೂದಿಯೂ ಬೆರೆಸಿದ ಒಂದು ಕುಣಿಯಿರಲಿ. ಹುಬ್ಬಳ್ಳಿಯ ಸಂತೆಯಿಂದ ತಂದ ಹೊಸ ಕೋಳಿಯನ್ನು ಎರಡು ಸಲ ಪುಡಿ ತಿಕ್ಕುವ ತನಕ ಪ್ರತ್ಯೇಕವಾಗಿ ಬುಟ್ಟಿಯಡಿ ಇಡತಕ್ಕದ್ದು.