ಉಳಿತಾಯವೂ ಉಳಿದ ಆಯುಷ್ಯವೂ



ಹಣವನ್ನು ಸಂಪಾದಿಸುವುದು ಹೇಗೆ, ಕೂಡಿಡುವುದು ಹೇಗೆ ಎಂಬ ವಿಷಯವಾಗಿ ಉಪದೇಶಮಾಡುವವರು ಬಹು ಮಂದಿ ಉಂಟು. ಕೂಡಿಟ್ಟುದನ್ನು ಖರ್ಚುಮಾಡುವುದು ಹೇಗೆಂದು ಹೇಳಿಕೊಡುವವರು ವಿರಳ. ಖರ್ಚುಮಾಡುವುದಕ್ಕೂ ಒಂದು ವಿದ್ಯೆ ಬೇಕೆ ಎಂದು ತಾವು ನಗಬಹುದು. ಆದರೆ ಸಂಬಳ ನಿಂತ ದಿನ ಮೊದಲ್ಗೊಂಡು ಕಡೆಯ ದಿನದವರೆಗೆ ಒಂದೇ ಗಂಟಿನಿಂದ ಹಣ ತೆಗೆದು ಸಂಸಾರ ನಡೆಸುವುದು, ಆ ಗಂಟು ನಮಗಿಂತ ಮೊದಲೇ ಕರಗಿಹೋಗದಂತೆ ನೋಡಿಕೊಳ್ಳುವುದು, ಕೂಡಿಡುವುದಕ್ಕಿಂತಲೂ ಕಠಿಣವಾದ ಲೆಕ್ಕ. ಈ ಹೊತ್ತು ಆ ಲೆಕ್ಕವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಹಿಂದೆ ಸರ್ಕಾರದ ನೌಕರನಿಗೆ ಈ ಚಿಂತೆ ಅಷ್ಟಾಗಿ ಇರಲಿಲ್ಲ. ತಿಂಗಳು ತಿಂಗಳಿಗೆ ಪಿಂಚಣಿ ಬರುತ್ತಿತ್ತು. ಬೆಲೆಗಳು ಏರಿದರೆ ತುಟ್ಟಿಭತ್ಯವೂ ಏರುತ್ತಿತ್ತು. ತಾನು ಕಾಲವಾದರೆ ಹೆಂಡತಿಗೂ ಒಂದು ಪಾಲು ಸಲ್ಲುತ್ತಿತ್ತು. 2004ನೆಯ ಜನವರಿ 1ರಿಂದ ಈಚೆಗೆ ಕೇಂದ್ರ ಸರ್ಕಾರದ ಸಿವಿಲ್ ಕೆಲಸಕ್ಕೆ ಸೇರಿದವರಿಗೂ, 2006ನೆಯ ಏಪ್ರಿಲ್ 1ರಿಂದ ಈಚೆಗೆ ಕರ್ನಾಟಕ ಸರ್ಕಾರದ ಕೆಲಸಕ್ಕೆ ಸೇರಿದವರಿಗೂ ಬೇರೊಂದು ಏರ್ಪಾಡು ಬಂದಿತು. ನೌಕರನೂ ಸರ್ಕಾರವೂ ತಿಂಗಳು ತಿಂಗಳೂ ಹಾಕಿದ ಹಣ ಬಂಡವಾಳದ ಪೇಟೆಯಲ್ಲಿ ಬೆಳೆದು, ಕೊನೆಗೆ ಎಷ್ಟಾಗುವುದೋ ಅಷ್ಟೇ ಅವನ ಪಾಲು. 2025ರಲ್ಲಿ ಕೇಂದ್ರದ ನೌಕರರಿಗೆ ನಿಶ್ಚಿತ ಪಿಂಚಣಿಯ ಆಯ್ಕೆಯೊಂದು ಮತ್ತೆ ದೊರೆಯಿತಾದರೂ, ಕಂಪೆನಿಗಳಲ್ಲಿ ದುಡಿದವರಿಗೆ, ವಕೀಲರಿಗೆ, ವೈದ್ಯರಿಗೆ, ವ್ಯಾಪಾರಿಗಳಿಗೆ ಅಂಥ ಆಶ್ರಯವಿಲ್ಲ. ಅವರ ಕೈಗೆ ಬರುವುದು ಒಂದು ದೊಡ್ಡ ಮೊಬಲಗು. ಮುಂದಿನದೆಲ್ಲ ಅವರ ವಿವೇಕಕ್ಕೆ ಬಿಟ್ಟದ್ದು.

ಈ ಲೆಕ್ಕದ ಮೊದಲನೆಯ ತೊಡಕು ಆಯುಷ್ಯ. ಎಷ್ಟು ವರ್ಷಕ್ಕೆ ಹಣ ಬೇಕೆಂಬುದನ್ನು ಯಾರೂ ಹೇಳಲಾರರು. ಸರ್ ಎಂ. ವಿಶ್ವೇಶ್ವರಯ್ಯನವರು 1918ರಲ್ಲಿ ಮೈಸೂರಿನ ದಿವಾನಗಿರಿಗೆ ರಾಜೀನಾಮೆ ಕೊಟ್ಟರು. ಅವರು ಕಾಲವಾದದ್ದು 1962ರಲ್ಲಿ, ನೂರು ವರ್ಷವನ್ನು ದಾಟಿ. ಪದವಿ ಬಿಟ್ಟ ಮೇಲೆ ನಾಲ್ಕು ದಶಕಗಳಿಗೂ ಮೀರಿದ ಜೀವನ! ಅಂಥ ಆಯುಷ್ಯ ಎಲ್ಲರಿಗೂ ಬಾರದು ನಿಜ. ಆದರೆ ಅರುವತ್ತನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟ ದಂಪತಿಗಳಲ್ಲಿ ಒಬ್ಬರಾದರೂ ತೊಂಬತ್ತನ್ನು ಮುಟ್ಟುವುದು ಈಗ ಅಪೂರ್ವವಲ್ಲ. ಆದುದರಿಂದ ಮೂವತ್ತು ವರ್ಷಗಳಿಗೆ ಏರ್ಪಾಡು ಮಾಡಿಕೊಳ್ಳುವುದು ಅತಿಯಾದ ಎಚ್ಚರಿಕೆಯೆನಿಸದು.

ಎರಡನೆಯ ತೊಡಕು ಬಡ್ಡಿಯ ವಿಷಯದಲ್ಲಿ ನಮ್ಮ ಜನರಲ್ಲಿ ಬೇರೂರಿರುವ ಒಂದು ನಂಬಿಕೆ. ಅಸಲನ್ನು ಮುಟ್ಟಬಾರದು, ಬಡ್ಡಿಯನ್ನು ಉಣ್ಣಬಹುದು ಎಂಬುದು ಹಿರಿಯರ ನಿಯಮ. ನಿಯಮ ಒಳ್ಳೆಯದೇ, ಆದರೆ ಬೆಲೆಗಳು ವರ್ಷವರ್ಷವೂ ಏರುವ ಕಾಲದಲ್ಲಿ ಬಡ್ಡಿಯೆಲ್ಲವೂ ಆದಾಯವಲ್ಲ. ಐವತ್ತು ಲಕ್ಷ ರೂಪಾಯಿಗಳ ಠೇವಣಿಗೆ ನೂರಕ್ಕೆ 7ರಂತೆ ವರ್ಷಕ್ಕೆ ಮೂರೂವರೆ ಲಕ್ಷ ಬಡ್ಡಿ ಬರುವುದೆಂದು ಇಟ್ಟುಕೊಳ್ಳೋಣ. ಬೆಲೆಗಳು ನೂರಕ್ಕೆ 6ರಂತೆ ಏರುತ್ತಿರಲಿ. ಬಂದ ಬಡ್ಡಿಯನ್ನೆಲ್ಲ ಖರ್ಚುಮಾಡುತ್ತ ಹೋದರೆ ಅಸಲು ಐವತ್ತು ಲಕ್ಷವಾಗಿಯೇ ನಿಂತಿರುತ್ತದೆ. ಪಾಸ್ ಪುಸ್ತಕ ನೋಡಿದವರಿಗೆ ಸಮಾಧಾನ. ಆದರೆ ಹನ್ನೆರಡು ವರ್ಷಗಳಲ್ಲಿ ಬೆಲೆಗಳು ಇಮ್ಮಡಿಯಾಗುತ್ತವೆ. ಅದೇ ಮೂರೂವರೆ ಲಕ್ಷಕ್ಕೆ ಮೊದಲಿನ ಅರ್ಧದಷ್ಟು ಅಕ್ಕಿ, ಅರ್ಧದಷ್ಟು ಔಷಧ ದೊರೆಯುತ್ತದೆ. ಇಪ್ಪತ್ತನಾಲ್ಕು ವರ್ಷಗಳಿಗೆ ಕಾಲುಭಾಗ. ಅಂಕಿ ಅಲ್ಲಾಡಲಿಲ್ಲ, ಅದರೊಳಗಿನ ತಿರುಳು ಮಾತ್ರ ಬತ್ತಿತು. ಬಡ್ಡಿಯ ಏಳು ಪಾಲುಗಳಲ್ಲಿ ಆರು ಪಾಲು ಅಸಲಿನ ಸವೆತಕ್ಕೆ ಸಲ್ಲತಕ್ಕದ್ದಾಗಿತ್ತು. ಅದನ್ನು ನಾವು ಉಂಡುಬಿಟ್ಟೆವು.

ಬಡ್ಡಿಯ ದರವಾದರೂ ಸ್ಥಿರವೆ? 1990ರ ದಶಕದ ನಡುವೆ ನಮ್ಮ ಬ್ಯಾಂಕುಗಳು ನೂರಕ್ಕೆ 12ನ್ನೂ ಅದಕ್ಕೆ ಮೇಲ್ಪಟ್ಟೂ ಕೊಡುತ್ತಿದ್ದವು. 2020ರಲ್ಲಿ ಸ್ಟೇಟ್ ಬ್ಯಾಂಕು ದೀರ್ಘಕಾಲದ ಠೇವಣಿಗೆ ಕೊಟ್ಟದ್ದು 5.4. ಹಿರಿಯ ನಾಗರಿಕರ ಉಳಿತಾಯ ಯೋಜನೆ 2004ರಲ್ಲಿ ಆರಂಭವಾದಾಗ 9 ಇದ್ದದ್ದು, 2020ರಲ್ಲಿ 7.4ಕ್ಕೆ ಇಳಿದು, 2023ರಲ್ಲಿ 8.2ಕ್ಕೆ ಏರಿತು. ಬಡ್ಡಿಯನ್ನೇ ನೆಚ್ಚಿದವನ ಸಂಸಾರ ಹೀಗೆ ಅನ್ಯರ ತೀರ್ಮಾನಕ್ಕೆ ಒಳಪಟ್ಟು ಏರಿಳಿಯುತ್ತದೆ.

ಹಾಗಾದರೆ ವರ್ಷಕ್ಕೆ ಎಷ್ಟು ತೆಗೆಯಬಹುದು? ಮೇಲೆ ಹೇಳಿದ ದರಗಳನ್ನೇ ಇಟ್ಟುಕೊಂಡು, ಮೊದಲ ವರ್ಷ ಒಂದು ಮೊಬಲಗನ್ನು ತೆಗೆದು, ಅನಂತರ ಬೆಲೆಗಳು ಏರಿದಷ್ಟೇ ಅದನ್ನೂ ಏರಿಸುತ್ತ ಹೋದರೆ, ಅಂದರೆ ಜೀವನದ ಮಟ್ಟವನ್ನು ಒಂದೇ ಸಮನಾಗಿ ಕಾಪಾಡಿಕೊಂಡರೆ, ಗಂಟು ಎಷ್ಟು ಕಾಲ ಬಾಳುತ್ತದೆಂಬುದನ್ನು ಗುಣಿಸಿ ನೋಡಬಹುದು. ಮೊದಲ ವರ್ಷ ನೂರಕ್ಕೆ 7ನ್ನು ತೆಗೆದವನ ಹಣ ಸುಮಾರು 15 ವರ್ಷಗಳಲ್ಲಿ ಮುಗಿಯುತ್ತದೆ. 5ನ್ನು ತೆಗೆದವನಿಗೆ 22 ವರ್ಷ. 4ನ್ನು ತೆಗೆದವನಿಗೆ 28. ಮೂರೂವರೆಯಾದರೆ 33. 3ಕ್ಕೆ ತೃಪ್ತನಾದವನಿಗೆ ಹೆಚ್ಚುಕಡಮೆ 40 ವರ್ಷ. ಇದರಲ್ಲಿ ಆದಾಯ ತೆರಿಗೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿದರೆ ಕಾಲ ಇನ್ನೂ ಮೊಟಕಾಗುತ್ತದೆ. ತೆಗೆಯುವ ಪ್ರಮಾಣದಲ್ಲಿ ಸ್ವಲ್ಪವೇ ವ್ಯತ್ಯಾಸ; ಬಾಳಿಕೆಯಲ್ಲಿ ಎಷ್ಟು ಅಂತರ! ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ನಮ್ಮಲ್ಲಿದೆ. ಕುಡಿಕೆ ಎಷ್ಟು ದೊಡ್ಡದೆಂಬುದರಂತೆಯೇ, ತುತ್ತು ಎಷ್ಟು ದೊಡ್ಡದೆಂಬುದೂ ವಿಚಾರಿಸತಕ್ಕ ಮಾತು.

ಈ ಪ್ರಶ್ನೆಯನ್ನು ಚರಿತ್ರೆಯ ಒರೆಗಲ್ಲಿಗೆ ಹಚ್ಚಿ ನೋಡಿದವರಲ್ಲಿ ಪ್ರಸಿದ್ಧನಾದವನು ಅಮೆರಿಕೆಯ ಕ್ಯಾಲಿಫೋರ್ನಿಯಾದ ವಿಲಿಯಂ ಬೆಂಗೆನ್ ಎಂಬ ಹಣಕಾಸಿನ ಸಲಹೆಗಾರ. 1994ರಲ್ಲಿ ಅವನು ಪ್ರಕಟಿಸಿದ ಲೇಖನದಲ್ಲಿ, 1926ರಿಂದ ಮೊದಲಾಗಿ ಆ ದೇಶದ ಷೇರುಗಳೂ ಸರ್ಕಾರಿ ಸಾಲಪತ್ರಗಳೂ ತಂದ ಲಾಭವನ್ನೂ ಬೆಲೆಗಳ ಏರಿಳಿತವನ್ನೂ ಮುಂದಿಟ್ಟುಕೊಂಡು, ಇಂಥಿಂಥ ವರ್ಷದಲ್ಲಿ ನಿವೃತ್ತನಾದವನ ಹಣ ಎಷ್ಟು ಕಾಲ ಬಾಳುತ್ತಿತ್ತು ಎಂದು ಒಂದೊಂದು ವರ್ಷವನ್ನೂ ಪರೀಕ್ಷಿಸಿದನು. ಹಣವನ್ನು ಷೇರುಗಳಲ್ಲಿಯೂ ಸಾಲಪತ್ರಗಳಲ್ಲಿಯೂ ಹಂಚಿಟ್ಟು, ಮೊದಲ ವರ್ಷ ನೂರಕ್ಕೆ 4ನ್ನು ತೆಗೆದು, ಮುಂದೆ ಬೆಲೆಗೆ ತಕ್ಕಂತೆ ಏರಿಸಿಕೊಂಡವನ ಗಂಟು ಅತ್ಯಂತ ಕೆಟ್ಟ ಕಾಲದಲ್ಲಿಯೂ ಮೂವತ್ತು ವರ್ಷ ನಿಂತಿತು. 1998ರಲ್ಲಿ ಟೆಕ್ಸಾಸಿನ ಟ್ರಿನಿಟಿ ವಿಶ್ವವಿದ್ಯಾನಿಲಯದ ಮೂವರು ಪ್ರಾಧ್ಯಾಪಕರು ಇದೇ ಬಗೆಯ ವಿಚಾರಣೆ ನಡೆಸಿದರು. 2025ರಲ್ಲಿ ಬೆಂಗೆನ್ನನೇ ಹಣವನ್ನು ಇನ್ನೂ ಹಲವು ಬಗೆಯಾಗಿ ಹಂಚಿಟ್ಟರೆ 4.7ರವರೆಗೆ ಹೋಗಬಹುದೆಂದು ತನ್ನ ಸಂಖ್ಯೆಯನ್ನು ತಿದ್ದಿದನು.

ಸಂಖ್ಯೆಗಿಂತಲೂ ಗಮನಾರ್ಹವಾದುದು ಅವನಿಗೆ ಕಂಡುಬಂದ ಕೆಟ್ಟ ಕಾಲ ಯಾವುದೆಂಬುದು. 1929ರ ಮಹಾ ಕುಸಿತವೆಂದು ನಾವು ಊಹಿಸುತ್ತೇವೆ. ಆದರೆ 1929ರಲ್ಲಿ ನಿವೃತ್ತನಾದವನಿಗಿಂತ 1960ರ ದಶಕದ ಉತ್ತರಾರ್ಧದಲ್ಲಿ ನಿವೃತ್ತನಾದವನೇ ಹೆಚ್ಚು ಕಷ್ಟಕ್ಕೆ ಗುರಿಯಾದನು. ಏಕೆಂದರೆ 1929ರಿಂದ 1933ರವರೆಗೆ ಅಲ್ಲಿ ಬೆಲೆಗಳು ಸುಮಾರು ಕಾಲುಭಾಗ ಇಳಿದವು. ಹಣ ಕಡಮೆಯಾದಂತೆ ಖರ್ಚೂ ಕಡಮೆಯಾಯಿತು. 1966ರಿಂದ 1982ರವರೆಗಾದರೋ ಬೆಲೆಗಳು ಸುಮಾರು ಮೂರು ಪಟ್ಟಾದವು. 1973–74ರಲ್ಲಿ ಷೇರುಗಳು ಹೆಚ್ಚುಕಡಮೆ ಅರ್ಧಕ್ಕೆ ಇಳಿದವು. 1980ರಲ್ಲಿ ಬೆಲೆಗಳ ಏರಿಕೆ ನೂರಕ್ಕೆ 13.5ನ್ನು ಮುಟ್ಟಿತು. ಸಿಡಿಲಿನಂಥ ಕುಸಿತಕ್ಕಿಂತ ಗೆದ್ದಲಿನಂಥ ಬೆಲೆಯೇರಿಕೆ ವೃದ್ಧರಿಗೆ ಹೆಚ್ಚು ಭಯಂಕರವೆಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಸೂಕ್ಷ್ಮವುಂಟು. ಲಾಭ ನಷ್ಟಗಳ ಸರಾಸರಿ ಒಂದೇ ಆದರೂ ಅವು ಬರುವ ಅನುಕ್ರಮ ಮುಖ್ಯ. ಇಬ್ಬರಲ್ಲಿ ತಲಾ ಐವತ್ತು ಲಕ್ಷವಿದೆ. ವರ್ಷದ ಆರಂಭದಲ್ಲಿ ಇಬ್ಬರೂ ಮೂರು ಲಕ್ಷ ತೆಗೆಯುತ್ತಾರೆ. ಒಬ್ಬನಿಗೆ ಮೊದಲು ನೂರಕ್ಕೆ 20 ನಷ್ಟ, ಮರುವರ್ಷ 25 ಲಾಭ; ಇನ್ನೊಬ್ಬನಿಗೆ ಮೊದಲು ಲಾಭ, ಆಮೇಲೆ ನಷ್ಟ. ಏನೂ ತೆಗೆಯದಿದ್ದರೆ ಇಬ್ಬರ ಹಣವೂ ಮರಳಿ ಐವತ್ತು ಲಕ್ಷವೇ ಆಗುತ್ತಿತ್ತು. ತೆಗೆದುದರಿಂದ ಮೊದಲನೆಯವನಲ್ಲಿ 43 ಲಕ್ಷ 25 ಸಾವಿರ, ಎರಡನೆಯವನಲ್ಲಿ 44 ಲಕ್ಷ 60 ಸಾವಿರ ಉಳಿಯುತ್ತದೆ. ಎರಡೇ ವರ್ಷಗಳಲ್ಲಿ ಇಷ್ಟು ಅಂತರವಾದರೆ ಹತ್ತು ವರ್ಷಗಳ ದುಷ್ಕಾಲದ ಮಾತೇನು! ಬೆಲೆ ಬಿದ್ದಾಗ ಮಾರಿದ ಷೇರು ಬೆಲೆ ಏರಿದಾಗ ಜೊತೆಗೆ ಏರುವುದಕ್ಕೆ ನಮ್ಮಲ್ಲಿ ಇರುವುದಿಲ್ಲ. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಕೊನೆಯಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಅಷ್ಟು ಹೊತ್ತಿಗೆ ಒಂದು ತಲೆಮಾರೇ ಮುಗಿದಿತ್ತು. ಕೆಲಸ ಬಿಟ್ಟ ಮೊದಲ ಹತ್ತು ವರ್ಷಗಳೇ ಉಳಿದ ಆಯುಷ್ಯದ ಭವಿಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ.

ಅಮೆರಿಕೆಯ ಸಂಖ್ಯೆಯನ್ನು ಹಾಗೆಯೇ ತಂದು ಇಲ್ಲಿ ನೆಡಲಾಗದು. ನಮ್ಮಲ್ಲಿ ಬೆಲೆಗಳ ಏರಿಕೆ ಹೆಚ್ಚು. 2009ರಿಂದ 2013ರವರೆಗೆ ಅವು ವರ್ಷಕ್ಕೆ ನೂರಕ್ಕೆ 9ರ ಆಸುಪಾಸಿನಿಂದ 12ರವರೆಗೆ ಏರಿದುದನ್ನು ಕಂಡಿದ್ದೇವೆ. ಆಗ ಬ್ಯಾಂಕಿನ ಬಡ್ಡಿ ಅದನ್ನು ಅನೇಕ ವೇಳೆ ಮುಟ್ಟಲೇ ಇಲ್ಲ. ಆದುದರಿಂದ ಅರುವತ್ತರ ವಯಸ್ಸಿನಲ್ಲಿ ಆರಂಭಿಸುವವರು 3ರಿಂದ ಮೂರೂವರೆಯೊಳಗೆ ಮೊದಲ ಹೆಜ್ಜೆಯಿಡುವುದು ಕ್ಷೇಮವೆಂದು ನಮ್ಮ ಅಭಿಪ್ರಾಯ. ಎಪ್ಪತ್ತೈದನ್ನು ದಾಟಿದವರಿಗೆ ಉಳಿದ ಕಾಲ ಕಡಮೆಯಾದ ಕಾರಣ 5ನ್ನು ತೆಗೆದರೂ ದೋಷವಿಲ್ಲ. ಐವತ್ತು ಲಕ್ಷಕ್ಕೆ 3ರಂತೆ ತಿಂಗಳಿಗೆ ಹನ್ನೆರಡೂವರೆ ಸಾವಿರವಷ್ಟೇ! ಇದು ಅತ್ಯಲ್ಪವೆಂದು ತೋರುವುದು ಸಹಜ. ಅಲ್ಪವೆಂಬ ಸಂಗತಿಯನ್ನು ಐವತ್ತೈದರಲ್ಲಿ ತಿಳಿದರೆ ಇನ್ನೆರಡು ವರ್ಷ ದುಡಿಯಬಹುದು, ಖರ್ಚನ್ನು ತಿದ್ದಿಕೊಳ್ಳಬಹುದು. ಎಪ್ಪತ್ತೈದರಲ್ಲಿ ತಿಳಿದರೆ ಮಾಡುವುದೇನಿದೆ?

ನಮ್ಮ ಮೈಸೂರು ಸೀಮೆಯ ಕೆರೆಗಳಿಗೆ ನೀರುಗಂಟಿಯೆಂಬುವನು ಇರುತ್ತಿದ್ದನು. ತೂಬನ್ನು ಎತ್ತುವುದೂ ಇಳಿಸುವುದೂ ಅವನ ಕೆಲಸ. ಕೆರೆ ತುಂಬಿ ಕೋಡಿ ಹರಿದ ವರ್ಷ ಅವನ ಕೈ ಸಡಿಲ. ಮಳೆ ತಪ್ಪಿದ ವರ್ಷ ಎಲ್ಲ ಗದ್ದೆಗೂ ಸ್ವಲ್ಪ ಸ್ವಲ್ಪ. ನಿವೃತ್ತನಾದವನು ತನ್ನ ಹಣಕ್ಕೆ ತಾನೇ ನೀರುಗಂಟಿಯಾಗಬೇಕು. ಪೇಟೆ ಬಿದ್ದ ವರ್ಷ ಬೆಲೆಗೆ ತಕ್ಕ ಏರಿಕೆಯನ್ನು ತೆಗೆದುಕೊಳ್ಳದೆ ಹಿಂದಿನ ವರ್ಷದ ಮೊಬಲಗಿನಲ್ಲಿಯೇ ನಿಭಾಯಿಸಿದರೆ, ಆ ಸಣ್ಣ ಸಂಯಮ ಗಂಟಿನ ಆಯುಷ್ಯವನ್ನು ಎಷ್ಟೋ ಹೆಚ್ಚಿಸುತ್ತದೆ. ಎರಡು ಮೂರು ವರ್ಷಗಳ ಖರ್ಚನ್ನು ಭದ್ರವಾದ ಠೇವಣಿಯಲ್ಲಿ ಬೇರೆಯಾಗಿಟ್ಟರೆ ಬಿದ್ದ ಪೇಟೆಯಲ್ಲಿ ಮಾರುವ ಅಗತ್ಯ ಬೀಳದು. ಹಣದ ಒಂದು ಭಾಗವನ್ನು ವಿಮಾ ಸಂಸ್ಥೆಗೆ ಕೊಟ್ಟು ಇಬ್ಬರ ಜೀವಮಾನಕ್ಕೂ ಸಲ್ಲುವ ವರ್ಷಾಶನವನ್ನು ಕೊಳ್ಳುವುದೂ ಯುಕ್ತ. ಅದು ಬೆಲೆಗಳೊಡನೆ ಏರುವುದಿಲ್ಲವಾದರೂ ಎಷ್ಟು ಕಾಲ ಬದುಕಿದರೂ ಬತ್ತದು.

ಕೊನೆಯದಾಗಿ ಮನೆಯ ಮಾತು. ಕೆಲಸ ಬಿಟ್ಟ ವರ್ಷ ಕೈಗೆ ಬಂದ ದೊಡ್ಡ ಮೊತ್ತದ ಮೇಲೆ ಎಲ್ಲರ ಕಣ್ಣೂ ಬೀಳುತ್ತದೆ. ಮಗನಿಗೆ ಮನೆ, ಮಗಳ ಮದುವೆ, ಮೈದುನನ ವ್ಯಾಪಾರ. ಪ್ರೀತಿಯಿಂದ ಕೊಟ್ಟ ಹತ್ತು ಲಕ್ಷ, ಮೂರರ ಲೆಕ್ಕದಲ್ಲಿ, ವರ್ಷಕ್ಕೆ ಮೂವತ್ತು ಸಾವಿರದ ಜೀವಮಾನದ ಆದಾಯ. ಕೊಡಬಾರದೆಂದು ನಾವು ಹೇಳುವುದಿಲ್ಲ. ಕೊಡುವಾಗ ಏನನ್ನು ಕೊಡುತ್ತಿದ್ದೇವೆಂಬುದನ್ನು ತಿಳಿದು ಕೊಡಬೇಕು. ಈ ದಿನ ಇಲ್ಲವೆನ್ನುವುದು ಕಷ್ಟ. ಎಂಬತ್ತರ ವಯಸ್ಸಿನಲ್ಲಿ ಆ ಮಕ್ಕಳ ಮುಂದೆಯೇ ಔಷಧದ ಹಣಕ್ಕಾಗಿ ಕೈಚಾಚುವುದು ಅದಕ್ಕಿಂತ ಕಷ್ಟ.

ಮತ್ತೊಂದು. ಸಾಮಾನ್ಯವಾಗಿ ಹೆಂಡತಿ ಗಂಡನಿಗಿಂತ ಕಿರಿಯಳು. ಅವನು ಹೋದ ಮೇಲೆ ಆಕೆ ಹತ್ತು ಹದಿನೈದು ವರ್ಷ ಬಾಳಬೇಕಾದೀತು. ಆದರೂ ಠೇವಣಿ ಎಲ್ಲಿದೆ, ಎಷ್ಟಿದೆ, ವರ್ಷಕ್ಕೆ ಎಷ್ಟು ತೆಗೆಯಬಹುದು ಎಂಬುದನ್ನು ಆಕೆಗೆ ತಿಳಿಸದ ಮನೆಗಳು ಎಷ್ಟೋ. ಹಣ ಇದ್ದೂ ಭಯದಿಂದ ಹೊಟ್ಟೆ ಕಟ್ಟುವ ವಿಧವೆಯರು ಉಂಟು. ತಿಳಿಯದೆ ಬಂಧುಗಳ ಕೈಗೆ ಒಪ್ಪಿಸಿ ಬರಿಗೈಯಾದವರೂ ಉಂಟು. ಖಾತೆಗಳು ಇಬ್ಬರ ಹೆಸರಿನಲ್ಲಿರಲಿ. ಲೆಕ್ಕದ ಪುಸ್ತಕ ಇಬ್ಬರ ಕೈಬರಹದಲ್ಲಿರಲಿ.

ಮಿತವಾಗಿ ತೆಗೆಯಬೇಕೆಂದರೆ ಜಿಪುಣನಾಗಬೇಕೆಂದು ಅರ್ಥವಲ್ಲ. ಅಳತೆ ತಿಳಿಯದವನು ಖರ್ಚುಮಾಡುವಾಗಲೂ ಅಂಜುತ್ತಾನೆ, ಉಳಿಸುವಾಗಲೂ ಅಂಜುತ್ತಾನೆ. ಅಳತೆ ತಿಳಿದವನು ಈ ವರ್ಷದ ಪಾಲನ್ನು ನಿಶ್ಚಿಂತೆಯಾಗಿ ಉಂಡು, ಯಾತ್ರೆ ಹೋಗಿ, ಮೊಮ್ಮಕ್ಕಳಿಗೆ ಪುಸ್ತಕ ಕೊಂಡುಕೊಟ್ಟು ನೆಮ್ಮದಿಯಾಗಿರುತ್ತಾನೆ. ಈ ವಾರ ಒಂದು ಸಂಜೆ ಗಂಡಹೆಂಡಿರು ಒಟ್ಟಿಗೆ ಕುಳಿತು, ಇರುವ ಹಣವೆಷ್ಟು, ವರ್ಷದ ಖರ್ಚೆಷ್ಟು ಎಂಬೆರಡು ಅಂಕಿಗಳನ್ನು ಕಾಗದದ ಮೇಲೆ ಬರೆದು, ಎರಡನೆಯದು ಮೊದಲನೆಯದರಲ್ಲಿ ನೂರಕ್ಕೆ ಎಷ್ಟಾಗುತ್ತದೆಂದು ನೋಡಿಕೊಳ್ಳಬೇಕೆಂಬುದು ಶ್ರೋತೃಗಳಲ್ಲಿ ನಮ್ಮ ಪ್ರಾರ್ಥನೆ.