ಒಬ್ಬರ ಒಲೆ, ತಿಂಗಳ ಸೌದಾ
(ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಶಿಕ್ಷಣ, ಉದ್ಯೋಗ, ಸಮುದಾಯದ ಭವಿಷ್ಯದ ಬಗ್ಗೆ ನನಗಿಂತ ಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ನನ್ನ ಪಾಲಿಗೆ ಬಂದ ಹತ್ತು ನಿಮಿಷವನ್ನು ನಾನು ಅಕ್ಕಿ ಬೇಳೆಗೆ ಖರ್ಚು ಮಾಡುತ್ತೇನೆ. ದಯವಿಟ್ಟು ನಗಬೇಡಿ.

ನಾನು ಮೊದಲು ಪಾಠ ಮಾಡಿದ್ದು ಯಾದಗಿರಿ ಕಡೆಯ ಒಂದು ಶಾಲೆಯಲ್ಲಿ. ಅಲ್ಲಿ ನನ್ನ ಬಳಿ ಓದಿದ ಹುಡುಗನೊಬ್ಬ ಐಟಿಐ ಮುಗಿಸಿ ಪೀಣ್ಯಕ್ಕೆ ಬಂದ. ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ, ಲಗ್ಗೆರೆಯಲ್ಲಿ ಒಂಟಿ ರೂಮು. ಒಂದು ಭಾನುವಾರ ಮನೆಗೆ ಬಂದವನನ್ನು ನೋಡಿ ಗಾಬರಿಯಾಯಿತು, ಅಷ್ಟು ಇಳಿದುಹೋಗಿದ್ದ. ಏನು ತಿನ್ನುತ್ತೀಯಪ್ಪಾ ಎಂದರೆ, "ಎಲ್ಲಾ ಲೆಕ್ಕ ಇಟ್ಟಿದ್ದೀನಿ ಸರ್" ಎಂದು ಜೇಬಿನಿಂದ ಒಂದು ಚೀಟಿ ತೆಗೆದ.

ಕೈಗೆ ಬರುವುದು 16,000. ಊರಿಗೆ 7,000. ಬಾಡಿಗೆ, ಕರೆಂಟು, ನೀರು 4,500. ಬಸ್ಸು, ಮೊಬೈಲು 1,200. ಸೌದಾ 1,200. ಇತರೆ 2,100. ಲೆಕ್ಕ ಪೈಸೆಗೆ ಪೈಸೆ ಸರಿ. ಆದರೆ ನನ್ನ ಕಣ್ಣು ಆ ಕೊನೆಯ ಸಾಲಿನ ಮೇಲೇ ನಿಂತಿತು. ಸೌದಾಕ್ಕಿಂತ ದೊಡ್ಡದಾದ ಈ "ಇತರೆ" ಯಾವುದು?

ಕೇಳುತ್ತಾ ಹೋದಂತೆ ಹೊರಬಿತ್ತು. ರಾತ್ರಿ ಅನ್ನ, ಉಪ್ಪಿನಕಾಯಿ. ಎಷ್ಟೋ ದಿನ ಅದೂ ಇಲ್ಲ. ಹಸಿವಾದಾಗ ಬೇಕರಿ. ಒಂದು ಚಹಾ 15, ಒಂದು ಎಗ್ ಪಫ್ಸ್ 25. ದಿನಕ್ಕೆ ಎರಡು ಸಲ, ತಿಂಗಳಿಗೆ 26 ದಿನ: 2,080 ರೂಪಾಯಿ. ಹುಡುಗ ಬಾಯಿ ತೆರೆದು ಕುಳಿತ. ಅವನ ಮನಸ್ಸಿನಲ್ಲಿ ಅದು ಊಟವೂ ಅಲ್ಲ, ಖರ್ಚೂ ಅಲ್ಲ.

ಅವನೊಬ್ಬನ ತಪ್ಪಲ್ಲ ಇದು. 2023-24ರ ರಾಷ್ಟ್ರೀಯ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಮ್ಮ ನಗರಗಳ ಜನ ಖರ್ಚು ಮಾಡುವ ಪ್ರತಿ 100 ರೂಪಾಯಿಯಲ್ಲಿ ಆಹಾರಕ್ಕೆ ಹೋಗುವುದು 40ಕ್ಕೆ ತುಸು ಕಡಿಮೆ. ಅದರಲ್ಲಿ ಅಕ್ಕಿ, ಗೋಧಿಯಂಥ ಧಾನ್ಯಕ್ಕೆ 4 ರೂಪಾಯಿಯೂ ಇಲ್ಲ. ಪಾನೀಯ ಮತ್ತು ಸಿದ್ಧ ತಿನಿಸುಗಳಿಗೆ 11 ರೂಪಾಯಿ. ಬಜೆಟ್ ಎಂದ ಕೂಡಲೇ ನಾವು ಕತ್ತರಿ ಹಾಕುವುದು ಮಾತ್ರ ಅಕ್ಕಿ ಬೇಳೆಗೆ!

ಹಾಗಾದರೆ ಒಬ್ಬರಿಗೆ ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, 2,000 ಕ್ಯಾಲೊರಿಯ ಒಂದು ದಿನದ ತಟ್ಟೆಗೆ ಧಾನ್ಯ 250 ಗ್ರಾಂ, ಬೇಳೆಕಾಳು 85, ತರಕಾರಿ ಸೊಪ್ಪು 400, ಹಣ್ಣು 100, ಬೀಜಗಳು 35, ಎಣ್ಣೆ 27 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ ಲೀಟರ್ ಎಂದಿದೆ. ದಿನವಿಡೀ ಯಂತ್ರದ ಮುಂದೆ ನಿಂತು ದುಡಿಯುವವನಿಗೆ ಅಷ್ಟು ಧಾನ್ಯ ಸಾಲದು. ನಾವಿಬ್ಬರೂ ಕುಳಿತು ಇದನ್ನು ತಿಂಗಳ ಲೆಕ್ಕಕ್ಕೆ ತಂದೆವು. ಹತ್ತಿರದ ಅಂಗಡಿಯ ದರಗಳನ್ನು ಅವನೇ ಹೇಳಿದ. ಅಕ್ಕಿ 6 ಕೆ.ಜಿ., ರಾಗಿ ಮತ್ತು ಗೋಧಿ ಹಿಟ್ಟು 4 ಕೆ.ಜಿ., ಎರಡೂ ಸೇರಿ 530. ಬೇಳೆಕಾಳು ಎರಡೂವರೆ ಕೆ.ಜಿ., 300. ಎಣ್ಣೆ 160. ಅರ್ಧ ಲೀಟರಿನ ಹಾಲು 18 ಪ್ಯಾಕೆಟ್, 432. ಮೊಟ್ಟೆ 30, 210. ತರಕಾರಿ 12 ಕೆ.ಜಿ., 480. ಬಾಳೆಹಣ್ಣು 150. ಕಡಲೆಕಾಯಿ ಬೀಜ ಒಂದು ಕೆ.ಜಿ., 140. ಕೋಳಿ ಅರ್ಧರ್ಧ ಕೆ.ಜಿ.ಯಂತೆ ಎರಡು ಸಲ, 250. ಉಪ್ಪು, ಸಕ್ಕರೆ, ಚಹಾಪುಡಿ, ಮಸಾಲೆ 250. ಒಟ್ಟು 2,902 ರೂಪಾಯಿ. ನಿಮ್ಮ ಬೀದಿಯಲ್ಲಿ ದರ ಬೇರೆ ಇರಬಹುದು. ತೂಕವನ್ನು ಹಿಡಿದುಕೊಳ್ಳಿ, ದರವನ್ನು ನೀವೇ ತುಂಬಿಕೊಳ್ಳಿ. ಕಾರ್ಖಾನೆಯಲ್ಲೇ ಮಧ್ಯಾಹ್ನದ ಊಟ ಸಿಗುವವರು ಇದರಲ್ಲಿ ಮೂರನೇ ಒಂದು ಭಾಗ ಕಳೆಯಿರಿ.

ಒಬ್ಬರೇ ಇರುವವರಿಗೆ ಕೊಳ್ಳುವ ರೀತಿಯೂ ಬೇರೆ. ಒಣ ಸಾಮಾನನ್ನು ಸಂಬಳ ಬಂದ ದಿನವೇ ತಂದುಬಿಡಿ. ನಮ್ಮ ತಿಂಗಳು ಶುರುವಾಗುವುದು ಕ್ಯಾಲೆಂಡರಿನ 1ನೇ ತಾರೀಖಿಗಲ್ಲ, ಸಂಬಳದ ದಿನಕ್ಕೆ. ತರಕಾರಿ ಮಾತ್ರ ವಾರಕ್ಕೆ ಮೂರು ಕೆ.ಜಿ. ಸಾಕು. 25 ಕೆ.ಜಿ. ಅಕ್ಕಿ ಮೂಟೆ ಅಗ್ಗ ಎಂದು ಹೊತ್ತು ತಂದರೆ ಎರಡನೇ ತಿಂಗಳು ಅದರಲ್ಲಿ ಹುಳ. ಯಶವಂತಪುರದ ಎಪಿಎಂಸಿ ಯಾರ್ಡ್ ಹತ್ತಿರವೇ ಇದೆ, ನಿಜ. ಆದರೆ ಅಲ್ಲಿ ವ್ಯಾಪಾರ ಮೂಟೆ ಲೆಕ್ಕದ್ದು. ನಾಲ್ಕು ರೂಮಿನವರು ಸೇರಿ ಒಂದು ಮೂಟೆ ಈರುಳ್ಳಿ ತಂದು ಹಂಚಿಕೊಂಡರೆ ಲಾಭ, ಒಬ್ಬರಿಗೆ ನಷ್ಟ. ಫ್ರಿಜ್ ಇಲ್ಲದಿದ್ದರೆ ಹಾಲಿನ ಪ್ಯಾಕೆಟ್ಟಿನಲ್ಲಿ ಅರ್ಧವನ್ನು ಕಾಯಿಸಿ ಕುಡಿಯಿರಿ, ಉಳಿದರ್ಧಕ್ಕೆ ರಾತ್ರಿ ಹೆಪ್ಪು ಹಾಕಿ.

ಉದ್ರಿ ಪುಸ್ತಕದ ಬಗ್ಗೆ ನನ್ನದೇ ಅನುಭವವಿದೆ. ಬಿ.ಎಡ್. ಮುಗಿಸಿ ಒಬ್ಬನೇ ಇದ್ದಾಗ ಬೀದಿ ಕೊನೆಯ ಅಂಗಡಿಯಲ್ಲಿ ಬರೆಸುತ್ತಿದ್ದೆ. ತಿಂಗಳ ಕೊನೆಗೆ ಪುಸ್ತಕ ನೋಡಿದರೆ ಮೂರರಲ್ಲೊಂದು ಪಾಲು ಬಿಸ್ಕತ್ತು, ಮಿಕ್ಸ್ಚರು. ಅಂಗಡಿಯವರು ಒಂದು ರೂಪಾಯಿ ಹೆಚ್ಚು ಬರೆದಿರಲಿಲ್ಲ, ತಿಂದವನು ನಾನೇ.

ಎರಡು ಅನುಕೂಲಗಳನ್ನು ನಮ್ಮ ಹುಡುಗರು ಮರೆಯುತ್ತಾರೆ. ವಿಳಾಸದ ದಾಖಲೆ ಕೇಳದೆ, ಗುರುತಿನ ಚೀಟಿ ತೋರಿಸಿದರೆ ಕೊಡುವ 5 ಕೆ.ಜಿ. ಸಿಲಿಂಡರ್ ಇದೆ. ಶಿಫ್ಟ್ ಬದಲಾಗಿ ಅಡುಗೆ ಆಗದ ದಿನಕ್ಕೆ, 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ಇದೆ, 5 ರೂಪಾಯಿಗೆ ತಿಂಡಿ, 10ಕ್ಕೆ ಊಟ. ಊರಿನ ಪಡಿತರ ಚೀಟಿಯ ಧಾನ್ಯವನ್ನೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಪಡೆಯಬಹುದು. ಆದರೆ ಮನೆಯವರು ಊರಿನಲ್ಲೇ ಇದ್ದರೆ ಅದು ಅವರ ತಟ್ಟೆಯ ಅಕ್ಕಿ, ಅದಕ್ಕೆ ಕೈ ಹಾಕಬೇಡಿ ಎಂದೇ ನಾನು ಹೇಳುತ್ತೇನೆ.

ಈಗ ಕಷ್ಟದ ಮಾತು. ಸೌದಾ 2,900 ಆದರೆ, ಬೇಕರಿಯನ್ನು ಪೂರ್ತಿ ಬಿಟ್ಟರೂ ಹುಡುಗನ ಕೈಯಲ್ಲಿ ಉಳಿಯುವುದು 400. ಗ್ಯಾಸಿಗೆ, ಸೋಪಿಗೆ ಸಾಲದು. ಗೆಳೆಯರ ಜೊತೆ ದಿನಕ್ಕೊಂದು ಚಹಾ ಕುಡಿಯಬೇಡ ಎನ್ನಲು ನನಗೆ ಮನಸ್ಸು ಬರಲಿಲ್ಲ. ಒಂಟಿ ರೂಮಿನವನಿಗೆ ಆ ಹತ್ತು ನಿಮಿಷವೇ ಸಂಸಾರ. ಉಳಿದ ದಾರಿ ಒಂದೇ, ಊರಿಗೆ ಕಳಿಸುವುದನ್ನು 6,000ಕ್ಕೆ ಇಳಿಸುವುದು. ಅವನು ತಲೆ ತಗ್ಗಿಸಿದ. "ಅಮ್ಮೀಗೆ ಏನಂತ ಹೇಳಲಿ ಸರ್?" ಇದ್ದದ್ದನ್ನು ಹೇಳು ಎಂದೆ. ನನ್ನೆದುರಿಗೇ ಫೋನ್ ಮಾಡಿದ. ಆಕೆ ಕೇಳಿದ್ದು ಒಂದೇ: "ಇಷ್ಟು ದಿನ ಯಾಕೆ ಹೇಳಲಿಲ್ಲ ಬೇಟಾ?"

ಇಲ್ಲಿ ಕುಳಿತಿರುವ ತಾಯಂದಿರು, ತಂದೆಯಂದಿರು ಮಗನಿಗೆ ಫೋನ್ ಮಾಡಿದಾಗ "ದುಡ್ಡು ಹಾಕಿದೆಯಾ" ಎಂಬುದಕ್ಕೆ ಮೊದಲು "ರಾತ್ರಿ ಏನು ಮಾಡಿಕೊಂಡೆ" ಎಂದು ಕೇಳಿ. ಊಟ ಆಯಿತಾ ಎಂದರೆ ಎಲ್ಲರೂ ಆಯಿತು ಎಂದೇ ಹೇಳುತ್ತಾರೆ.

ಚೀಟಿಯನ್ನು ಒಮ್ಮೆ ಬರೆದು ಇಟ್ಟರಾಗದು. 2025ರ ಏಪ್ರಿಲ್ 1ರಂದು ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿದಾಗ, ದಿನಕ್ಕೆ ಅರ್ಧ ಲೀಟರ್ ಕೊಳ್ಳುವವರಿಗೆ ತಿಂಗಳಿಗೆ 60 ರೂಪಾಯಿ ಹೆಚ್ಚಾಯಿತು. ರಮಝಾನಿನಲ್ಲಿ ಹಗಲಿನ ಚಹಾದ ಸಾಲು ಖಾಲಿ. ಖರ್ಜೂರ, ಹಣ್ಣಿನ ಸಾಲು ತುಂಬುತ್ತದೆ. ಸಹರಿಗೆ ಒಬ್ಬನೇ ಎದ್ದು ಒಲೆ ಹಚ್ಚುವವನು ಹಿಂದಿನ ರಾತ್ರಿಯೇ ಬೇಳೆ ಬೇಯಿಸಿಟ್ಟಿರಬೇಕು.

ಹುಡುಗ ಈಗಲೂ ಆಗಾಗ ಚೀಟಿ ತಂದು ತೋರಿಸುತ್ತಾನೆ. "ಇತರೆ" ಎಂಬ ಸಾಲನ್ನು ಅಳಿಸಿ "ಬೇಕರಿ" ಎಂದೇ ಬರೆದಿದ್ದಾನೆ, 390 ರೂಪಾಯಿ. ಕಳೆದ ತಿಂಗಳು ಅರ್ಧ ಕೆ.ಜಿ. ತೊಗರಿಬೇಳೆ ಉಳಿಯಿತಂತೆ, ಈ ಸಲ ಅಷ್ಟು ಕಡಿಮೆ ತಂದಿದ್ದಾನೆ.