ರಾಕ್ ಗಂಟೆಗೆ ಕನ್ನಡದ ನಿರೂಪಕರು ಬೇಕು



ವಚನ, ಯಕ್ಷಗಾನ, ಶಾಸನಗಳ ಬಗ್ಗೆ ಮಾತು ನಡೆಯುವ, ದೊಡ್ಡನೆಕ್ಕುಂದಿಯ ನಮ್ಮ ಸಂಘದ ಇಂಥ ವೇದಿಕೆಯಲ್ಲಿ ರಾಕ್ ಸಂಗೀತದ ರೇಡಿಯೋ ಕಾರ್ಯಕ್ರಮ ಕೇಳುವುದರ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘದವರು ತಕ್ಷಣ ಒಪ್ಪಿದರು. ಅದು ನನಗೆ ದೊಡ್ಡ ಸಂತೋಷ. ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರಿನ ರೇಡಿಯೋದಲ್ಲಿ ವಾರಕ್ಕೊಂದು ಗಂಟೆ ಕ್ಲಾಸಿಕ್ ರಾಕ್ ಬರಬೇಕು, ಅದರ ನಿರೂಪಣೆ ಕನ್ನಡದಲ್ಲಿರಬೇಕು. ಹಾಡು ಇಂಗ್ಲಿಷಿನದೇ ಇರಲಿ, ಹಾಡಿನ ಕಥೆಯನ್ನು ನಮ್ಮ ಮಾತಿನಲ್ಲಿ ಹೇಳುವವರು ಬೇಕು.

ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ರೇಡಿಯೋ ಮುಂದೆ ಕೂರುವ ಅಭ್ಯಾಸ ನಮಗೆ ಹೊಸದಲ್ಲ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಶುರುಮಾಡಿದವರು. ‘ಆಕಾಶವಾಣಿ’ ಎಂಬ ಹೆಸರು ಹಬ್ಬಿದ್ದು ಅಲ್ಲಿಂದ. 1952ರಲ್ಲಿ ಬಿ.ವಿ. ಕೇಸ್ಕರ್ ಮಂತ್ರಿಯಾಗಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳನ್ನು ದೂರವಿಟ್ಟಾಗ ದೇಶವೆಲ್ಲ ರೇಡಿಯೋ ಸಿಲೋನ್ ಕಡೆ ಕಿವಿ ತಿರುಗಿಸಿತು. ಅಲ್ಲಿನ ಬುಧವಾರದ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತಮಾಲಾಕ್ಕೆ, ಅಮೀನ್ ಸಯಾನಿಯವರ ದನಿಗೆ, ಜನ ಮನೆಕೆಲಸ ಮುಗಿಸಿ ಕಾದರು. ಪಾಶ್ಚಾತ್ಯ ಪಾಪ್ ಮತ್ತು ರಾಕ್ ಹಾಡುಗಳು ನಮ್ಮ ಕಡೆಯ ಅನೇಕ ಮನೆಗಳಿಗೆ ಮೊದಲು ಬಂದದ್ದೂ ಅದೇ ಶಾರ್ಟ್‌ವೇವ್‌ನಲ್ಲಿ, ಅದೇ ಕೇಂದ್ರದ ಇಂಗ್ಲಿಷ್ ವಿಭಾಗದಿಂದ. ಗರಗರ ಸದ್ದಿನ ನಡುವೆ ದನಿ ತೇಲಿ ಬರುತ್ತಿತ್ತು, ಮುಳುಗುತ್ತಿತ್ತು. ಕೇಳುವವರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಇನ್ನು ರಾಕ್ ಮತ್ತು ಎಫ್‌ಎಂ ಕೂಡಿಬಂದ ಬಗೆ. 1960ರ ದಶಕದಲ್ಲಿ ಅಮೆರಿಕದ ಸರ್ಕಾರಿ ನಿಯಂತ್ರಕರು ಒಂದು ನಿಯಮ ತಂದರು. ಮೀಡಿಯಂ ವೇವ್‌ನಲ್ಲಿ ಬರುವುದನ್ನೇ ಎಫ್‌ಎಂನಲ್ಲೂ ಇಡೀ ದಿನ ಹಾಗೇ ಹಾಕುವಂತಿಲ್ಲ ಎಂದರು. ಎಫ್‌ಎಂ ಕೇಂದ್ರಗಳಿಗೆ ದಿಢೀರನೆ ಖಾಲಿ ಗಂಟೆಗಳು ಸಿಕ್ಕವು. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೆಎಂಪಿಎಕ್ಸ್ ಕೇಂದ್ರದಲ್ಲಿ ಟಾಮ್ ಡೊನಹ್ಯೂ ಆ ಖಾಲಿ ಹೊತ್ತನ್ನು ಉದ್ದುದ್ದ ಹಾಡುಗಳಿಗೆ ಕೊಟ್ಟರು. ಹಾಡು ಮೂರು ನಿಮಿಷದಲ್ಲಿ ಮುಗಿಯಬೇಕೆಂಬ ಕಟ್ಟುಪಾಡು ಸಡಿಲವಾಯಿತು. ಪಿಂಕ್ ಫ್ಲಾಯ್ಡ್ ತಂಡದ ‘ಎಕೋಸ್’ ಗ್ರಾಮಫೋನ್ ತಟ್ಟೆಯ ಒಂದಿಡೀ ಮಗ್ಗುಲನ್ನು ತುಂಬುತ್ತದೆ, ಇಪ್ಪತ್ತಮೂರು ನಿಮಿಷಕ್ಕೂ ಹೆಚ್ಚು. ಜಾಹೀರಾತಿನ ನಡುವೆ ತುಂಡುತುಂಡಾಗಿ ಇಂಥದ್ದನ್ನು ಹಾಕಲಾಗದು. ಅದಕ್ಕೆಂದೇ ತೆಗೆದಿಟ್ಟ ಒಂದು ಗಂಟೆ ಬೇಕು.

ನಮ್ಮಲ್ಲಿ 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ರೇಡಿಯೋ ಸಿಟಿ ಶುರುವಾದದ್ದು ಬೆಂಗಳೂರಿನಲ್ಲೇ. 2006ರಲ್ಲಿ 91.9ರ ರೇಡಿಯೋ ಇಂಡಿಗೋ ಇಂಗ್ಲಿಷ್ ಹಾಡುಗಳಿಗೇ ಮೀಸಲಾಗಿ ಬಂತು. ಅಷ್ಟು ಹೊತ್ತಿಗೆ ಅರಮನೆ ಮೈದಾನ ರೋಲಿಂಗ್ ಸ್ಟೋನ್ಸ್ ತಂಡವನ್ನು ಕಂಡಾಗಿತ್ತು. 2003ರ ಏಪ್ರಿಲ್‌ನ ಆ ಸಂಜೆ ಮಳೆ ಬಿದ್ದರೂ ಜನ ಕದಲಲಿಲ್ಲ. ಎರಡು ವರ್ಷದ ಮೇಲೆ, 2005ರ ಏಪ್ರಿಲ್‌ನಲ್ಲಿ, ಅದೇ ಮೈದಾನದಲ್ಲಿ ಗಾಯಕ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆಸಿದರು. ಭಾವಗೀತೆ ಕೇಳಲು ಜನಸಾಗರ ನೆರೆಯಿತು. ಈ ಎರಡೂ ಸಂಜೆಗಳು ಒಂದೇ ಊರಿನವು ಎಂದು ನಾನು ಹೆಮ್ಮೆಯಿಂದ ಹೇಳುತ್ತೇನೆ. ಆದರೆ ರೇಡಿಯೋದಲ್ಲಿ ನಾನು ಕೇಳಿದ ರಾಕ್ ಗಂಟೆಗಳಲ್ಲಿ ಆ ಎರಡನೆಯ ಸಂಜೆಯ ಜನರ ಭಾಷೆ ನನ್ನ ಕಿವಿಗೆ ಬಿದ್ದದ್ದಿಲ್ಲ.

ಇದು ನನಗೆ ಮನವರಿಕೆಯಾದದ್ದು ಕಂಪನಿ ಬಸ್ಸಿನಲ್ಲಿ. ಸೆಕೆಂಡ್ ಶಿಫ್ಟ್ ಮುಗಿಸಿ ಔಟರ್ ರಿಂಗ್ ರೋಡಿನಲ್ಲಿ ಬರುತ್ತಿದ್ದೆವು. ರೇಡಿಯೋದಲ್ಲಿ ಲೆಡ್ ಜೆಪ್ಲಿನ್ ತಂಡದ ‘ವೆನ್ ದ ಲೆವಿ ಬ್ರೇಕ್ಸ್’ ಶುರುವಾಯಿತು. ಮೊದಲಿಗೆ ಬರೀ ಡ್ರಮ್. ಡ್ರೈವರ್ ವಾಲ್ಯೂಮ್ ಏರಿಸಿ, “ಸಾರ್, ಇದೇನು, ದೇವಸ್ಥಾನದ ಪ್ರಾಕಾರದೊಳಗೆ ಬಾರಿಸ್ತಿದಾರಾ?” ಅಂದರು. ಎಂಥ ಕಿವಿ ನೋಡಿ! ಅವರು ಕೇಳಿದ ಪ್ರಶ್ನೆಗೆ ನಿರೂಪಕರು ಆಗಲೇ ಉತ್ತರ ಹೇಳಿ ಮುಗಿಸಿದ್ದರು, ಇಂಗ್ಲಿಷಿನಲ್ಲಿ, ಭರಭರನೆ.

ಆ ಉತ್ತರವನ್ನು ಇಲ್ಲಿ ಹೇಳುತ್ತೇನೆ. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡವಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನಿರ್ಗತಿಕರಿಗಾಗಿ ಕಟ್ಟಿದ್ದು. ತಂಡ ಅಲ್ಲಿ ಬೀಡುಬಿಟ್ಟು ಹಾಡು ಮುದ್ರಿಸುತ್ತಿತ್ತು. ಜಾನ್ ಬಾನಮ್ ಅವರ ಡ್ರಮ್ಮುಗಳನ್ನು ನಡುಮನೆಯ ಮೆಟ್ಟಿಲುಗಳ ಬುಡದಲ್ಲಿಟ್ಟರು. ಧ್ವನಿ ಎಂಜಿನಿಯರ್ ಆಂಡಿ ಜಾನ್ಸ್ ಮೇಲಂತಸ್ತಿನಿಂದ ಎರಡು ಮೈಕುಗಳನ್ನು ಇಳಿಬಿಟ್ಟರು. ಪೆಟ್ಟು ಕೆಳಗೆ ಬೀಳುತ್ತದೆ, ಸದ್ದು ಗೋಡೆಗಳಿಗೆ ಬಡಿದು ಮೇಲೇರಿ ಮೈಕಿಗೆ ಸಿಗುತ್ತದೆ. ಆಮೇಲೆ ಟೇಪಿನ ವೇಗವನ್ನೂ ಕೊಂಚ ತಗ್ಗಿಸಿದರು. ಡ್ರೈವರ್ ಪ್ರಾಕಾರವನ್ನು ಊಹಿಸಿದ್ದು ಸರಿಯಾಗೇ ಇತ್ತು. ಎತ್ತರದ ಗೋಡೆಗಳ ನಡುವಿನ ಗಾಳಿಯೂ ಆ ಹಾಡಿನಲ್ಲಿ ಒಂದು ವಾದ್ಯ.

ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. 1971ರಲ್ಲಿ ಬಂದ ಈ ಹಾಡಿನ ಮೂಲ 1929ರದು. ಮೆಂಫಿಸ್ ಮಿನ್ನಿ ಮತ್ತು ಕನ್ಸಾಸ್ ಜೋ ಮೆಕಾಯ್ ಎಂಬ ಕಪ್ಪು ದಂಪತಿ ಮುದ್ರಿಸಿದ ಬ್ಲೂಸ್ ಹಾಡು. 1927ರಲ್ಲಿ ಮಿಸಿಸಿಪಿ ನದಿಯ ಒಡ್ಡುಗಳು ಒಡೆದು ಲಕ್ಷಾಂತರ ಜನ ನೆಲೆ ಕಳೆದುಕೊಂಡರು. ಒಡ್ಡು ಉಳಿಸಲು ಮರಳಿನ ಮೂಟೆ ಹೊರಿಸಿದ್ದು ಕಪ್ಪು ಕೂಲಿಗಳ ಮೇಲೆ, ಎಷ್ಟೋ ಕಡೆ ಬಂದೂಕಿನ ಕಾವಲಿನಲ್ಲಿ. ಆ ನೋವು ಬ್ಲೂಸ್ ಆಯಿತು, ಬ್ಲೂಸ್ ನಾಲ್ಕು ದಶಕ ದಾಟಿ ರಾಕ್ ಆಯಿತು.

ಈ ಕಥೆ ದೊಡ್ಡನೆಕ್ಕುಂದಿಗೆ ಅರ್ಥವಾಗದೆ ಇನ್ನಾವ ಊರಿಗೆ ಅರ್ಥವಾದೀತು? ನಮ್ಮದು ಕೆರೆಯ ಊರು. 2022ರ ಸೆಪ್ಟೆಂಬರ್‌ನಲ್ಲಿ ಈ ಭಾಗದಲ್ಲಿ ಕೆರೆಗಳು ಕೋಡಿ ಹರಿದು, ರಾಜಕಾಲುವೆಗಳು ಉಕ್ಕಿ, ರಿಂಗ್ ರೋಡ್ ಮುಳುಗಿದಾಗ ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದದ್ದನ್ನು ದೇಶವೇ ನೋಡಿತು. ಕೂಲಿಯವರ ಶೆಡ್ಡುಗಳಲ್ಲಿ ಅಕ್ಕಿ ಬಟ್ಟೆ ನೆನೆದದ್ದನ್ನು ನೋಡಿದವರು ಕಡಿಮೆ. ಮೆಂಫಿಸ್ ಮಿನ್ನಿ ಮತ್ತು ಕನ್ಸಾಸ್ ಜೋ ಹಾಡು ಕಟ್ಟಿದ್ದು ಅಂಥವರ ಪರವಾಗಿ. ನಮ್ಮ ಜನಪದರು ‘ಕೆರೆಗೆ ಹಾರ’ದಲ್ಲಿ ನೀರಿಗಾಗಿ ಭಾಗೀರಥಿ ಎಂಬ ಸೊಸೆಯನ್ನೇ ಬಲಿಕೊಟ್ಟ ಕಥೆ ಹಾಡಿದವರು. ಎರಡೂ ಕಡೆ ನೀರಿನ ಲೆಕ್ಕಕ್ಕೆ ಬೆಲೆ ತೆತ್ತವರು ಮನೆಯಲ್ಲಿ, ಊರಿನಲ್ಲಿ ದನಿ ಇಲ್ಲದವರು. ಕನ್ನಡದಲ್ಲಿ ಮಾತಾಡುವ ನಿರೂಪಕರೊಬ್ಬರು ಈ ಎರಡು ಹಾಡುಗಳನ್ನು ಒಂದೇ ಗಂಟೆಯಲ್ಲಿ ಅಕ್ಕಪಕ್ಕ ಕೂರಿಸಬಲ್ಲರು. ಹಾಡಿನ ಪಟ್ಟಿ ತಯಾರಿಸುವ ಮೊಬೈಲ್ ಆ್ಯಪ್‌ಗೆ ಆ ಕೆಲಸ ಹೊಳೆಯುವುದಿಲ್ಲ. ನಾವು ಹಿಂದೆ ಕೇಳಿದ್ದಕ್ಕೆ ಹೋಲುವುದನ್ನೇ ಅದು ಮತ್ತೆ ಮತ್ತೆ ಮುಂದಿಡುತ್ತದೆ.

ಲೈಸೆನ್ಸ್ ಇಲ್ಲ, ದುಡ್ಡಿಲ್ಲ ಎಂದು ಕೈಕಟ್ಟಿ ಕೂರಬೇಕಿಲ್ಲ. ಪಕ್ಕದ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು, ಸಮುದಾಯ ರೇಡಿಯೋಗೆ ಅನುಮತಿ ಸಿಗದಿದ್ದ ಕಾಲದಲ್ಲಿ, ಕೇಬಲ್ ಎಳೆದು ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿದರು. ಊರಿನ ಹೆಂಗಸರೇ ಮೈಕು ಹಿಡಿದರು. 2006ರ ಕೊನೆಯಲ್ಲಿ ಸಂಘಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸುವ ಅವಕಾಶ ಸಿಕ್ಕಿತು. ಅದರ ಅರ್ಜಿ, ಗೋಪುರ, ಖರ್ಚು ಎಲ್ಲ ಆಮೇಲಿನ ಮಾತು.

ಈಗ ಈ ಸಭಾಂಗಣವಿದೆ, ಎರಡು ಸ್ಪೀಕರ್ ಇವೆ. ವಾರಕ್ಕೊಂದು ಸಂಜೆ, ಪಾಳಿ ಬದಲಾಗುವ ಹೊತ್ತು ನೋಡಿಕೊಂಡು, ಒಂದು ಗಂಟೆ ಇಟ್ಟುಕೊಳ್ಳೋಣ ಎಂದು ಸಂಘದವರನ್ನು ಕೇಳಿದ್ದೇನೆ. ಫೋನ್ ಬದಿಗಿಟ್ಟು ಕೇಳುವುದು, ಕೇಳಿದ ಮೇಲೆ ಮಾತಾಡುವುದು. ನಿರೂಪಣೆ ಸರದಿಯ ಮೇಲೆ, ಬಸ್ ಡ್ರೈವರಿಂದ ಹಿಡಿದು ಪ್ರಾಜೆಕ್ಟ್ ಮ್ಯಾನೇಜರ್‌ವರೆಗೆ ಯಾರೂ ಮಾಡಬಹುದು. ಮೊದಲ ವಾರಕ್ಕೆ ಹೆಸರು ಕೊಡುವವರು ಬಾಗಿಲ ಬಳಿಯ ಪುಸ್ತಕದಲ್ಲಿ ಬರೆದು ಹೋಗಿ. ಅದಕ್ಕೂ ಮೊದಲು ಮೆಂಫಿಸ್ ಮಿನ್ನಿ ಮತ್ತು ಕನ್ಸಾಸ್ ಜೋ ಅವರ 1929ರ ಮುದ್ರಣ ಕೇಳೋಣ, ಅದರ ಬೆನ್ನಿಗೇ ಬಾನಮ್ ಡ್ರಮ್ ಇರುವ ಆ ಏಳು ನಿಮಿಷ. ದಯವಿಟ್ಟು ಫ್ಯಾನ್ ಆರಿಸಿ, ಮೊದಲ ಪೆಟ್ಟು ಪೂರ್ತಿ ಕೇಳಬೇಕು.